ಶಾಲೆಗೆ ಸಿಸಿಟಿವಿ ಬಂತು, ಮಗುವಿನ ಮಾತು ಕೇಳುವವರು ಯಾರು?

‘ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರು’ ಎಂಬ ವಾಟ್ಸ್‌ಆ್ಯಪ್ ಮೆಸೇಜು ನಮ್ಮ ಕಾರವಾರ, ಅಂಕೋಲಾ ಕಡೆಗೆ ಹೊಸದಲ್ಲ. ಅದು ಬಂದ ದಿನ ಕಂಬಳಿ ಮಾರುವವನ ಮೇಲೂ ನಮಗೆ ಅನುಮಾನ. ಬೈತಖೋಲದಲ್ಲಿ ಬೋಟಿನ ಕೆಲಸಕ್ಕೆ ಬಂದ ಹೊರರಾಜ್ಯದ ಹುಡುಗನ ಮೇಲೂ ಅನುಮಾನ.

ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಬೀದರ್ ಜಿಲ್ಲೆಯೇ ಸಾಕ್ಷಿ. 2018ರ ಜುಲೈನಲ್ಲಿ ಹೈದರಾಬಾದಿನಿಂದ ಬಂದ ಗೆಳೆಯರು ಔರಾದ್ ತಾಲ್ಲೂಕಿನಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ಸುದ್ದಿ ಹಬ್ಬಿತು. ಮುರ್ಕಿ ಗ್ರಾಮದಲ್ಲಿ ಜನ ಅವರನ್ನು ತಡೆದು ಹೊಡೆದರು. ಒಬ್ಬ ಯುವ ಎಂಜಿನಿಯರ್ ಸತ್ತ. ಅವರು ಯಾವ ಮಗುವನ್ನೂ ಕದ್ದಿರಲಿಲ್ಲ.

2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಮಕ್ಕಳನ್ನು ಹೊರಗೆ ಕಳಿಸಿ ಪೊಲೀಸರು ಹುಡುಕಿದರು, ಏನೂ ಸಿಗಲಿಲ್ಲ. ಭಯ ಅಲ್ಲೂ ಇತ್ತು. ಆದರೆ ಹುಡುಕುವ ಕೆಲಸವನ್ನು ಅದು ಗೊತ್ತಿದ್ದವರೇ ಮಾಡಿದರು.

ಶಾಲೆಗೆ ಕಂಪೌಂಡ್, ಗೇಟು, ಸಿಸಿಟಿವಿ ಬೇಡ ಎನ್ನುವುದಿಲ್ಲ. ಆದರೆ ಅವೆಲ್ಲ ಅಪರಿಚಿತರನ್ನು ತಡೆಯಲಿಕ್ಕೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಗೊತ್ತಿದ್ದವರೇ ಎಂದು ಸರ್ಕಾರದ ಅಪರಾಧ ದಾಖಲೆಗಳು ಹೇಳುತ್ತವೆ. ನೆಂಟ, ನೆರೆಯವ, ಕೆಲವೊಮ್ಮೆ ಕಲಿಸುವವ. ಅವರಿಗೆ ಗೇಟು ತೆರೆದೇ ಇರುತ್ತದೆ.

ಆಗ ನಾವು ಏನು ಮಾಡುತ್ತೇವೆ? ‘ಹುಡುಗಿಯ ಮದುವೆ ಆಗಬೇಕಲ್ಲ’ ಎಂದು ಊರಲ್ಲೇ ಮುಗಿಸುತ್ತೇವೆ. ಅಪರಿಚಿತನಿಗೆ ಬೀದಿಯಲ್ಲಿ ಹೊಡೆತ, ಗೊತ್ತಿದ್ದವನಿಗೆ ಪಂಚಾಯ್ತಿ ಕಟ್ಟೆಯಲ್ಲಿ ರಾಜಿ! 2012ರ ಪೋಕ್ಸೋ ಕಾಯ್ದೆ ಇದನ್ನು ಒಪ್ಪುವುದಿಲ್ಲ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸಿಬ್ಬಂದಿ ಮಾಡಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಮಗುವಿನ ಹೆಸರನ್ನು ಪತ್ರಿಕೆಯವರು ಹೊರಗೆ ಹಾಕುವಂತಿಲ್ಲ.

ಶಾಲೆಯಲ್ಲಿ ಹೊಡೆಯುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಬೆತ್ತ ಹಿಡಿದ ಮಾಸ್ತರರ ಹತ್ತಿರ ಯಾವ ಮಗು ತನ್ನ ಕಷ್ಟ ಹೇಳಿಕೊಂಡೀತು?

ಎಸ್‌ಡಿಎಂಸಿ ಸದಸ್ಯರು ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಲಿ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಮಕ್ಕಳಿಗೆ ಕಾಣುವಂತೆ ಬರೆದಿದೆಯೇ? ದೂರಿನ ಪೆಟ್ಟಿಗೆ ಇದ್ದರೆ ಅದನ್ನು ತೆರೆಯುವವರು ಯಾರು? ಪಂಚಾಯ್ತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಮಾತಾಡುತ್ತಾರೋ, ಭಾಷಣ ಕೇಳಿ ಬರುತ್ತಾರೋ?

ಮಕ್ಕಳ ಕಳ್ಳರ ಮೆಸೇಜು ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ, 112ಕ್ಕೆ ಫೋನ್ ಮಾಡಿ ಕೇಳಿ. ಮನೆಯ ಮಗು ‘ನಾ ಅವರ ಮನೆಗೆ ಹೋಗೂದಿಲ್ಲ’ ಎಂದರೆ ಗದರಬೇಡಿ. ಯಾಕೆ ಎಂದು ಕೂತು ಕೇಳಿ.