ಬಿದ್ದದ್ದು ಬರ್ಲಿನ್ ಗೋಡೆ, ಗುತ್ತಿಗೆಗೆ ಹೋದದ್ದು ನಮ್ಮ ಕಾರ್ಖಾನೆ

1991ರ ಡಿಸೆಂಬರ್ 25ರಂದು ಮಾಸ್ಕೋದ ಕ್ರೆಮ್ಲಿನ್ ಮೇಲಿದ್ದ ಸೋವಿಯತ್ ಕೆಂಬಾವುಟ ಇಳಿಯಿತು. ಮಂಡ್ಯದವರಿಗೆ ಅದನ್ನು ನೋಡುವ ವ್ಯವಧಾನ ಎಲ್ಲಿತ್ತು? ಅದೇ ತಿಂಗಳು ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಬಂದು ಜಿಲ್ಲೆ ಕುದಿಯುತ್ತಿತ್ತು. ಅದೇ ತಿಂಗಳ 20ರಂದು ಜಿನೀವಾದಲ್ಲಿ ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಕರಡು ಹೊರಬಿತ್ತು; ಬೀಜದ ಹಕ್ಕಿನ ಮಾತೂ ಅದರಲ್ಲಿತ್ತು. ನಮ್ಮ ನೀರಿನ ಮೇಲೆ, ಬೀಜದ ಮೇಲೆ ಒಟ್ಟೊಟ್ಟಿಗೆ ಕೈ ಬಿತ್ತು. ನಮ್ಮನ್ನು ಕೇಳಿದವರು ಯಾರೂ ಇಲ್ಲ.

ಮಾಸ್ಕೋದಲ್ಲಿ, ಪೂರ್ವ ಯುರೋಪಿನಲ್ಲಿ ಬಿದ್ದ ಕಮ್ಯುನಿಸ್ಟ್ ಸರ್ಕಾರಗಳಿಗಾಗಿ ನಾನು ಅಳುವುದಿಲ್ಲ. ಸೋವಿಯತ್ ಪತ್ರಿಕೆಗಳ ನುಣುಪು ಹಾಳೆ ಹರಿದು ಶಾಲೆಯ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದೆವು. ಎದೆಮಟ್ಟದ ಗೋಧಿ ಪೈರಿನಲ್ಲಿ ನಿಂತು ನಗುವ ಹೆಣ್ಣುಮಗಳು, ಹಿಂದೆ ಕೆಂಪು ಟ್ರ್ಯಾಕ್ಟರ್. 1932-33ರಲ್ಲಿ ಉಕ್ರೇನಿನ ರೈತರ ಕಣಜ ಗುಡಿಸಿ ಲಕ್ಷಾಂತರ ಜನರನ್ನು ಹಸಿವಿನಿಂದ ಕೊಂದದ್ದನ್ನು ಆ ಹಾಳೆಗಳು ಯಾವತ್ತೂ ಹೇಳಲಿಲ್ಲ. 1956ರಲ್ಲಿ ಮಾಸ್ಕೋದವರು ಬುಡಾಪೆಸ್ಟಿಗೆ ಟ್ಯಾಂಕು ನುಗ್ಗಿಸಿದರು, 1968ರಲ್ಲಿ ಪ್ರಾಗ್‌ಗೆ. 1980ರಲ್ಲಿ ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿ ಹಡಗು ಕಟ್ಟುವ ಕಾರ್ಮಿಕರೇ ಕಾರ್ಮಿಕರ ಹೆಸರಿನ ಸರ್ಕಾರಕ್ಕೆ ತಿರುಗಿಬಿದ್ದರು. ಬೀಳಬೇಕಾದದ್ದೇ ಬಿತ್ತು.

ನನ್ನ ಸಿಟ್ಟೆಲ್ಲ ಆ ಹೆಣ ತೋರಿಸಿ ನಮ್ಮ ಮನೆ ದೋಚಲು ಹೊರಟವರ ಮೇಲೆ. 'ಸರ್ಕಾರ ಕಾರ್ಖಾನೆ ನಡೆಸಬಾರದು, ರಷ್ಯಾದ ಗತಿ ನೋಡಿ' ಎಂದು ಊರಿಗೆಲ್ಲ ಬಾಯಿಪಾಠ ಮಾಡಿಸಿದರು. ಮಂಡ್ಯದ ಸರ್ಕಾರಿ ಸಕ್ಕರೆ ಕಾರ್ಖಾನೆ ಮೈಷುಗರ್ ಕಟ್ಟಿದವರು ಮಾಸ್ಕೋದವರೇ? 1933ರಲ್ಲಿ, ಮಹಾರಾಜರ ಕಾಲದಲ್ಲಿ, ನಾಲೆ ನೀರು ಕುಡಿದು ಬೆಳೆದ ಕಬ್ಬು ಅರೆಯಲು ಎದ್ದ ಕಾರ್ಖಾನೆ ಅದು. ಅಧ್ಯಕ್ಷಗಿರಿಯನ್ನು ಪಕ್ಷದವರಿಗೆ ಹಂಚಿ, ಲೆಕ್ಕವನ್ನು ಕಬ್ಬು ಬೆಳೆದವರಿಂದ ಮುಚ್ಚಿಟ್ಟು ಅದನ್ನು ಕೆಡಿಸಿದರು. ಮಾಸ್ಕೋ ಕೆಟ್ಟದ್ದೂ ಹೀಗೆಯೇ.

ಮದ್ದೂರು, ಮಳವಳ್ಳಿ ಕಡೆಯ ನಾಲೆ ಕೊನೆಯ ಗದ್ದೆಗಳಿಗೆ ಬಂದು ನೋಡಿ. ನೀರು ತಡವಾಗಿ ಬರುತ್ತದೆ, ಕಾರ್ಖಾನೆಯ ಕಟಾವು ಆದೇಶ ಇನ್ನೂ ತಡ. ಅಷ್ಟರಲ್ಲಿ ಕಬ್ಬು ಸೂಲಂಗಿ ಬಿಟ್ಟು, ಒಳಗೆ ಬೆಂಡಾಗಿ, ತೂಕ ಕಳೆದುಕೊಳ್ಳುತ್ತದೆ. ನಮ್ಮ ಕಬ್ಬೂ ಹಾಗೆ ಗದ್ದೆಯಲ್ಲೇ ಒಣಗಿದೆ. ಬಾಕಿ ಹಣಕ್ಕೆ ನಾನೂ ಗೇಟಿನ ಮುಂದೆ ನಿಂತಿದ್ದೇನೆ. 2015ರಲ್ಲಿ ಇದೇ ಜಿಲ್ಲೆಯಲ್ಲಿ ಸಾಲಗಾರ ರೈತರು ಒಬ್ಬರ ಹಿಂದೊಬ್ಬರು ಜೀವ ಕಳೆದುಕೊಂಡರು. 2020ರಲ್ಲಿ ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು 40 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟರು. ಮೈಷುಗರನ್ನೂ ಹಾಗೇ ದಾಟಿಸಲು ನೋಡಿದರು. ಜನ ಧರಣಿ ಕೂತರು, ಬಿಡಲಿಲ್ಲ. 2022ರಲ್ಲಿ ಸರ್ಕಾರದ ಕೈಯಲ್ಲೇ ಅದು ಮತ್ತೆ ಕಬ್ಬು ಅರೆಯಿತು.

ಅಷ್ಟಕ್ಕೇ ಎದ್ದು ಮನೆಗೆ ಹೋಗುವವರಲ್ಲ ನಾವು. ಆಡಳಿತ ಮಂಡಳಿಯಲ್ಲಿ ಕಬ್ಬು ಬೆಳೆಗಾರರು ಗೆದ್ದು ಬಂದು ಕೂರಬೇಕು, ಕಟಾವಿನ ಆಳುಗಳ ಕಡೆಯವರೂ ಕೂರಬೇಕು. ತೂಕದ ಲೆಕ್ಕ, ಇಳುವರಿ ಲೆಕ್ಕ, ಸಾಲದ ಲೆಕ್ಕ, ಎಲ್ಲವನ್ನೂ ಕನ್ನಡದಲ್ಲಿ ಬರೆದು ಕಾರ್ಖಾನೆಯ ಗೇಟಿಗೆ ಅಂಟಿಸಿ. ಈ ಹಂಗಾಮಿನಲ್ಲೇ.