ಪ್ರೇಕ್ಷಕರು ಎಲ್ಲಿಂದ ಬರುತ್ತಾರೆ?

ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯವೊಂದರಲ್ಲಿ ಆಸನಗಳು ಬರಿದಾಗಿ ಉಳಿದಾಗಲೆಲ್ಲ ನಮ್ಮಲ್ಲಿ ಒಂದು ಆಕ್ಷೇಪ ಕೇಳಿಬರುತ್ತದೆ: ಈ ಜನಕ್ಕೆ ದೇಶಾಭಿಮಾನವಿಲ್ಲ, ಕ್ರಿಕೆಟ್ಟೊಂದೇ ಬೇಕು ಎಂದು. ಮಾತು ಆಡುವುದಕ್ಕೆ ಸುಲಭ. ಪರೀಕ್ಷೆಗೆ ನಿಲ್ಲುವುದು ಕಷ್ಟ. ಜನ ಸೇರುವುದಕ್ಕೂ ಸೇರದಿರುವುದಕ್ಕೂ ಕಾರಣಗಳುಂಟು. ಅವನ್ನು ಅರಿಯದೆ ಜನರನ್ನು ಜರೆಯುವುದು ನ್ಯಾಯವಲ್ಲವೆಂದು ನನ್ನ ಭಾವನೆ.

2018ರ ಜೂನ್ 1ರಂದು ಮುಂಬಯಿಯ ಅಂಧೇರಿಯಲ್ಲಿ ಭಾರತವು ಚೀನೀ ತೈಪೆಯನ್ನು 5–0 ಗೋಲುಗಳಿಂದ ಸೋಲಿಸಿತು. ನಾಯಕ ಸುನಿಲ್ ಚೆಟ್ರಿಯವರೇ ಮೂರು ಗೋಲು ಹೊಡೆದರು. ನೋಡಿದವರು 2,569 ಮಂದಿ. ಮರುದಿನ ಚೆಟ್ರಿಯವರು, ನಮ್ಮನ್ನು ಬಯ್ಯುವುದಕ್ಕಾದರೂ ಕ್ರೀಡಾಂಗಣಕ್ಕೆ ಬರಬೇಕೆಂದು ದೇಶದ ಜನರಲ್ಲಿ ಬಿನ್ನವಿಸಿಕೊಂಡರು. ಜೂನ್ 4ರಂದು ಕೆನ್ಯಾದೊಡನೆ ಆಡುವಾಗ ಅದೇ ಕ್ರೀಡಾಂಗಣ ಕಿಕ್ಕಿರಿದಿತ್ತು. ಮೂರು ದಿನಗಳಲ್ಲಿ ಆ ನಗರದ ದೇಶಾಭಿಮಾನ ಮೂರು ಪಟ್ಟು ಬೆಳೆಯಿತೆಂದು ಹೇಳಲಾದೀತೆ? ಬೆಳೆದದ್ದು ಅರಿವು: ಆಟ ಇಂತಹ ದಿನ, ಇಂತಹ ಕಡೆ ಇದೆ, ಅದು ನಾಯಕನ ನೂರನೆಯ ಪಂದ್ಯ, ನಮ್ಮನ್ನು ಕರೆದಿದ್ದಾರೆ. ಆದರೆ ಪ್ರತಿ ಸಂಜೆಯೂ ನಾಯಕನೇ ಕೈಮುಗಿದು ಕರೆಯುತ್ತಿರಲು ಸಾಧ್ಯವಿಲ್ಲ.

ಗೆಲ್ಲುವ ತಂಡವಿದ್ದರೆ ಜನ ತಾವಾಗಿ ಬರುತ್ತಾರೆಂಬುದೂ ಅರ್ಧ ಸತ್ಯ. 2017ರಲ್ಲಿ ಹದಿನೇಳು ವರ್ಷದೊಳಗಿನ ಹುಡುಗರ ವಿಶ್ವಕಪ್ ನಮ್ಮ ದೇಶದಲ್ಲಿ ನಡೆಯಿತು. ನಮ್ಮ ಹುಡುಗರು ಆಡಿದ ಮೂರು ಪಂದ್ಯಗಳನ್ನೂ ಸೋತರು. ಆದರೂ ಆರು ನಗರಗಳಲ್ಲಿ ಒಟ್ಟು 13 ಲಕ್ಷ 47 ಸಾವಿರ ಪ್ರೇಕ್ಷಕರು ಸೇರಿದರು. ಅದಕ್ಕೂ ಇಪ್ಪತ್ತು ವರ್ಷ ಹಿಂದೆ, 1997ರ ಜುಲೈ 13ರಂದು, ಕಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ಸೆಣಸಿದಾಗ ನೆರೆದವರು 1 ಲಕ್ಷ 31 ಸಾವಿರಕ್ಕೂ ಅಧಿಕ. ಅದು ದೇಶ ದೇಶಗಳ ನಡುವಣ ಪಂದ್ಯವೇ ಅಲ್ಲ. ಒಂದೇ ಊರಿನ ಎರಡು ಕ್ಲಬ್ಬುಗಳ ಆಟ. ಮನೆಯಲ್ಲಿ ಅಪ್ಪನಿಂದ ಮಗನಿಗೆ ಬಂದ ಪಕ್ಷಪಾತವೇ ಆ ಜನಸಾಗರವನ್ನು ಅಲ್ಲಿಗೆ ತಂದಿತು.

ನಮ್ಮ ನಾಡಿನ ನಿದರ್ಶನವನ್ನೇ ನೋಡಬಹುದು. 2023ರ ಜೂನ್ 21ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತವು ಪಾಕಿಸ್ತಾನವನ್ನು 4–0ರಿಂದ ಸೋಲಿಸಿತು. ಸುರಿವ ಮಳೆಯಲ್ಲಿ 20 ಸಾವಿರಕ್ಕೂ ಮೀರಿದ ಜನ ಕದಲದೆ ಕುಳಿತಿದ್ದರು. ಎದುರಾಳಿಯ ಹೆಸರೇ ಜನರನ್ನು ಕರೆತಂದಿತೆನ್ನಬಹುದು; ಅದು ನಿಜವೂ ಹೌದು. ಆದರೆ ಜುಲೈ 4ರಂದು ಅಂತಿಮ ಪಂದ್ಯದಲ್ಲಿ ಕುವೈತ್ ಎದುರಾದಾಗಲೂ ಕ್ರೀಡಾಂಗಣ ತುಂಬಿತ್ತು. ಇದರ ಹಿಂದೆ ಹತ್ತು ವರ್ಷಗಳ ಸಾಧನೆಯಿದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಅಲ್ಲಿಯ ತರುಣರಿಗೆ ಮೈದಾನಕ್ಕೆ ಹೋಗುವ ಅಭ್ಯಾಸವನ್ನು ಕಲಿಸಿತ್ತು. ಸಿಕಂದರಾಬಾದಿನಲ್ಲಿ ಹುಟ್ಟಿದ ಚೆಟ್ರಿಯವರು ಆ ಅವಧಿಯಲ್ಲಿ ಬೆಂಗಳೂರಿಗರ ಮನೆಯ ಮನುಷ್ಯನಾಗಿದ್ದರು. ಅದಕ್ಕಿಂತ ಹಳೆಯ ಬೇರೂ ಉಂಟು: 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದ ರಾಮನ್ ಬೆಂಗಳೂರಿನವರು.

ನಾನು ಕೊಳಗಲ್ಲಿನವನು. ಈ ತತ್ತ್ವವನ್ನು ನಮ್ಮ ಸೀಮೆಯ ಬಯಲಾಟವೇ ಚೆನ್ನಾಗಿ ತಿಳಿಸುತ್ತದೆ. ರಾತ್ರಿಯಿಡೀ ನಡೆಯುವ ಆಟಕ್ಕೆ ಜನ ಕಂಬಳಿ ಹೊದ್ದು ಬಂದು ಕೂರುತ್ತಾರೆ. ಕಥೆ ಎಲ್ಲರಿಗೂ ಗೊತ್ತಿರುವುದೇ. ಆದರೆ ಭೀಮನ ವೇಷ ಕಟ್ಟಿದವನು ಸೋದರತ್ತೆಯ ಮಗ. ಮದ್ದಳೆ ಬಾರಿಸುವವನು ನೆರೆಮನೆಯವನು. ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಬನ್ನಿರೆಂದು ಯಾರೂ ಅಂಗಲಾಚುವುದಿಲ್ಲ. ತೇರಿನ ದಿನ ಸುತ್ತಣ ಹಳ್ಳಿಗಳಿಗೆಲ್ಲ ಗೊತ್ತು; ಕೊಟ್ಟ ಹೆಣ್ಣುಮಕ್ಕಳು ಅಂದಿಗೆಂದೇ ತವರಿಗೆ ಬರುತ್ತಾರೆ. ಗೊತ್ತಾದ ದಿನ, ಕೈಗೆಟುಕುವ ಸ್ಥಳ, ಅಂಗಳದಲ್ಲಿ ತಮ್ಮವನೊಬ್ಬ: ಈ ಮೂರು ಕೂಡಿದಲ್ಲಿ ಜನ ಕೂಡುತ್ತಾರೆ.

ಅಂತರರಾಷ್ಟ್ರೀಯ ಪಂದ್ಯದಲ್ಲಿ ಈ ಮೂರೂ ನಮಗೆ ದೂರ. ಬಳ್ಳಾರಿಯಿಂದ ಕಂಠೀರವಕ್ಕೆ ಸುಮಾರು 300 ಕಿಲೋಮೀಟರು. ವಾರದ ನಡುವೆ ಇರುಳು ಮುಗಿಯುವ ಆಟಕ್ಕೆ ಹೋದ ವಿದ್ಯಾರ್ಥಿ ಮರುದಿನ ತರಗತಿಗೆ ಬರಲಾರ. ಜೂನ್ ತಿಂಗಳೆಂದರೆ ಒಕ್ಕಲಿಗನಿಗೆ ಮುಂಗಾರು ಬಿತ್ತನೆಯ ಕಾಲ. ಪ್ರಯಾಣ, ಟಿಕೆಟು, ಊಟ ಇವುಗಳ ಲೆಕ್ಕ ಹಾಕಿದ ಗೃಹಸ್ಥನು ಮನೆಯಲ್ಲಿ ದೂರದರ್ಶನದ ಮುಂದೆ ಕುಳಿತರೆ ಅವನನ್ನು ದೇಶದ್ವೇಷಿಯೆನ್ನುವುದು ಹೇಗೆ? ಪ್ರಸಿದ್ಧ ತಂಡಗಳು ನಮ್ಮ ಜಿಲ್ಲೆಯ ವಿದ್ಯಾನಗರದ ಕ್ರೀಡಾಸಂಸ್ಥೆಯಲ್ಲಿ ಅಭ್ಯಾಸ ನಡೆಸಿದ್ದುಂಟು. ಆದರೆ ಪ್ರೇಕ್ಷಕರು ಅಭ್ಯಾಸದಿಂದ ಹುಟ್ಟುವುದಿಲ್ಲ, ಪಂದ್ಯಗಳಿಂದ ಹುಟ್ಟುತ್ತಾರೆ.

ಹಾಗಾದರೆ ಮಾಡಬೇಕಾದುದೇನು? ಸಿರುಗುಪ್ಪ, ಕುರುಗೋಡು, ಬಳ್ಳಾರಿಗಳ ಶಾಲೆಗಳು ವರ್ಷಕ್ಕೊಮ್ಮೆ ಅವಸರದಲ್ಲಿ ಆಡಿ ಮುಗಿಸುವುದರ ಬದಲು, ತೇರಿನಂತೆ ತಪ್ಪದ ದಿನಗಳಲ್ಲಿ, ಸಂಜೆಯ ತಂಪಿನಲ್ಲಿ, ಊರವರು ನೋಡುವಂತೆ ಪಂದ್ಯಗಳನ್ನು ಏರ್ಪಡಿಸಬಹುದು. ಉಪಾಧ್ಯಾಯರು ಮನಸ್ಸು ಮಾಡಿದರೆ ಇದಕ್ಕೆ ಸುಣ್ಣದ ಗೆರೆ, ಎರಡು ಜೊತೆ ಕಂಬ, ಒಂದು ಚೆಂಡು ಸಾಕು. ತನ್ನ ತಮ್ಮ ಆಡುವುದನ್ನು ನೋಡಿದ ಹುಡುಗಿ, ತನ್ನ ಶಿಷ್ಯ ಗೋಲು ತಡೆದುದನ್ನು ಕಂಡ ಮೇಷ್ಟ್ರು, ಇವರೇ ನಾಳಿನ ದೊಡ್ಡ ಕ್ರೀಡಾಂಗಣದ ಪ್ರೇಕ್ಷಕರು. ಆಟವನ್ನು ಬಲ್ಲವನಿಗೆ ಮಾತ್ರ ದೂರದ ಆಟಗಾರನೂ ತನ್ನವನಾಗುತ್ತಾನೆ. ಬೇರಿಗೆ ನೀರೆರೆಯದೆ ಹಣ್ಣಿಲ್ಲವೆಂದು ಮರವನ್ನು ಬಯ್ಯುವುದನ್ನು ನಾವು ಬಿಡಬೇಕು.