ಕಾಗದ ತಿದ್ದಿದರೆ ತೀರಿತೇ?

ಅಥಣಿ ತಾಲೂಕಿನ ಕೊಕಟನೂರ ಯಲ್ಲಮ್ಮನ ಊರು. ಅಲ್ಲಿ ಓಣಿಗೊಬ್ಬ ಯಲ್ಲಪ್ಪನೂ ಒಬ್ಬ ಯಲ್ಲವ್ವನೂ ಇದ್ದೇ ಇರುವರು. ಈ ಹೆಸರನ್ನು ಕೆಲವರು ಯಕಾರದಿಂದಲೂ ಕೆಲವರು ಎಕಾರದಿಂದಲೂ ಬರೆಯುವರು. ಕೂಗಿ ಕರೆಯುವಾಗ ಎರಡೂ ಒಂದೇ. ಊರ ಲೆಕ್ಕ ಬರೆಯುತ್ತಿದ್ದ ಹಿಂದಿನ ಕುಲಕರ್ಣಿಗೆ ಇದರಿಂದ ತೊಡಕೇನೂ ಇರಲಿಲ್ಲ. ಆತನು ಹೆಸರಿಗಿಂತ ಮೊದಲು ಮನುಷ್ಯನನ್ನೇ ಬಲ್ಲವನಾಗಿದ್ದನು.

ಕಳೆದ ಬೇಸಿಗೆಯಲ್ಲಿ ಆ ಊರಿನ ನಮ್ಮ ಪರಿಚಯದ ಗೃಹಸ್ಥರೊಬ್ಬರು ಎರಡು ಕಾಗದಗಳನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಎರಡೂ ಅವರ ಮಗಳು ಕಲಿಯುವ ಸಂಸ್ಥೆಯವರು ಕೊಟ್ಟ ವ್ಯಾಸಂಗ ಪ್ರಮಾಣಪತ್ರಗಳು. ಮೊದಲನೆಯ ವರ್ಷದ ಪತ್ರದಲ್ಲಿ ತಂದೆಯ ಹೆಸರು ಹೊಲದ ಉತಾರದಲ್ಲಿದ್ದಂತೆಯೇ ‘ಯಲ್ಲಪ್ಪ’ ಎಂದಿತ್ತು. ಎರಡನೆಯದರಲ್ಲಿ ‘ಎಲ್ಲಪ್ಪ’ ಎಂದಾಗಿತ್ತು. ಆದಾಯದ ಪ್ರಮಾಣಪತ್ರದೊಡನೆ ಹೆಸರು ತಾಳೆಯಾಗದೆಂದು ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿಯು ಮರಳಿ ಬಂದಿತ್ತು. “ಹೋದ ವರ್ಷ ನಮ್ಮೆದುರಿಗೇ ತಿದ್ದಿ ಕೊಟ್ಟಾರ್ರೀ. ಮತ್ತ ಈ ವರ್ಷ ಹಳೇದ ಹ್ಯಾಂಗ ಬಂತು?” ಎಂದು ಅವರು ಕೇಳಿದರು.

ಅವರ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಈಗಿನ ಪತ್ರಗಳು ಹುಟ್ಟುವ ಬಗೆಯನ್ನು ಹೇಳಬೇಕಾಗುವದು. ಸಂಸ್ಥೆಯ ದಫ್ತರವು ಈಗ ಕಪಾಟಿನಲ್ಲಿಲ್ಲ; ಎಲ್ಲಿಯೋ ದೂರದ ಗಣಕಯಂತ್ರದೊಳಗೆ ಕೋಷ್ಟಕಗಳಾಗಿ ಕುಳಿತಿದೆ. ಕಾರಕೂನರು ಅಂತರ್ಜಾಲದಲ್ಲಿ ತಮ್ಮ ಜಾಲತಾಣವನ್ನು ತೆರೆದು ವಿದ್ಯಾರ್ಥಿನಿಯ ಕ್ರಮಾಂಕವನ್ನು ಒತ್ತುವರು. ಆ ಯಂತ್ರದಲ್ಲಿಯೇ ಪತ್ರದ ಮಾದರಿಯೊಂದು ಸಿದ್ಧವಾಗಿರುವದು. ಅದರಲ್ಲಿ ಹೆಸರು, ತಂದೆಯ ಹೆಸರು, ತರಗತಿ ಮುಂತಾದವು ಬರಬೇಕಾದ ಕಡೆಗಳಲ್ಲಿ ಗುರುತಿನ ಶಬ್ದಗಳನ್ನು ಇಟ್ಟಿರುವರು. ಯಂತ್ರವು ಒಂದೊಂದು ಗುರುತನ್ನು ತೆಗೆದು ಅಲ್ಲಿ ಕೋಷ್ಟಕದ ಶಬ್ದವನ್ನು ಕೂಡಿಸಿ, ವರ್ಡ್ ಕಡತವೊಂದನ್ನು ಕಟ್ಟಿ, ಕಾರಕೂನರ ಮೇಜಿನ ಮೇಲಿನ ಯಂತ್ರಕ್ಕೆ ಕಳಿಸುವದು. ಕಣ್ಣು ಮುಚ್ಚಿ ತೆರೆಯುವದರೊಳಗೆ ಇಷ್ಟೂ ಮುಗಿಯುವದು.

ಈ ವರ್ಡ್ ಕಡತವು ನೋಡಲು ಒಂದೇ ಕಾಗದದಂತಿದ್ದರೂ ನಿಜವಾಗಿ ಅದೊಂದು ಗಂಟು. 2007ರ ವರ್ಡಿನಿಂದ ರೂಢಿಗೆ ಬಂದ ‘ಡಾಕ್‌ಎಕ್ಸ್’ ಕಡತದ ಹೆಸರಿನ ಬಾಲವನ್ನು ‘ಜಿಪ್’ ಎಂದು ಬದಲಿಸಿ ಬಿಚ್ಚಿದರೆ, ಬರೆಹಕ್ಕೊಂದು, ಅಕ್ಷರಗಳ ಅಂದಕ್ಕೊಂದು, ಚಿತ್ರಗಳಿಗೊಂದು ಎಂದು ಬೇರೆ ಬೇರೆ ಕಡತಗಳು ಒಳಗೆ ಕಾಣುವವು. ಇಲ್ಲೊಂದು ವಿನೋದವುಂಟು. ಮಾದರಿಯನ್ನು ಬೆರಳಚ್ಚು ಮಾಡುವಾಗ ನಡುವೆ ತಿದ್ದಿದರೆ, ನಮಗೆ ಒಂದೇ ಆಗಿ ಕಾಣುವ ಗುರುತಿನ ಶಬ್ದವು ಒಳಗೆ ಎರಡು ಮೂರು ತುಂಡುಗಳಾಗಿ ಹರಿದಿರುವದುಂಟು. ಇಡಿಯ ಶಬ್ದವನ್ನೇ ಹುಡುಕುವ ಯಂತ್ರಕ್ಕೆ ಅದು ಸಿಕ್ಕುವದಿಲ್ಲ. ಪತ್ರದಲ್ಲಿ ಹುಡುಗಿಯ ಹೆಸರಿಗೆ ಬದಲಾಗಿ ಗುರುತಿನ ಶಬ್ದವೇ ಅಚ್ಚಾಗಿ ಬರುವದು. ಅಂಥ ಪತ್ರಕ್ಕೂ ಮೊಹರು ಬಿದ್ದದ್ದನ್ನು ನಾವು ಕಂಡಿದ್ದೇವೆ.

ಕನ್ನಡಕ್ಕೆ ಇನ್ನೊಂದು ಪೇಚು ಇದೆ. ನಮ್ಮ ವಿಭಕ್ತಿ ಪ್ರತ್ಯಯಗಳು ಹೆಸರಿನ ಕೊನೆಯನ್ನು ನೋಡಿ ಹತ್ತುತ್ತವೆ. ಮಾದರಿಯಲ್ಲಿ ಹೆಸರಿನ ಗುರುತಿನ ಮುಂದೆ ‘ನ ಮಗಳು’ ಎಂದು ಬರೆದಿಟ್ಟರೆ ಯಲ್ಲಪ್ಪನ ಮಗಳಿಗೆ ಸರಿಯಾಯಿತು. ರಾಜುವಿನ ಮಗಳು ‘ರಾಜುನ ಮಗಳು’ ಆಗುವಳು. ಆದಕಾರಣವೇ ಕಚೇರಿಯ ಬರೆಹದಲ್ಲಿ ‘ಶ್ರೀ ಯಲ್ಲಪ್ಪ ಇವರ ಮಗಳು’ ಎಂಬ ಒರಟು ಧಾಟಿ ಉಳಿದುಕೊಂಡಿದೆ. ಮೈಸೂರ ಕಡೆಯ ದಾಖಲೆಗಳಲ್ಲಿ ಗಂಡುಮಕ್ಕಳ ಹೆಸರಿನ ಮುಂದೆ ಬರುವ ‘ಬಿನ್’ ಎಂಬ ಅರಬ್ಬೀ ಶಬ್ದವೂ ಇಂಥದೇ ಉಪಕಾರ ಮಾಡುತ್ತದೆ. ವ್ಯಾಕರಣ ಬಲ್ಲವರು ಮೂಗು ಮುರಿಯಲಿ. ಯಂತ್ರಕ್ಕೆ ಅದೇ ಸುಲಭ.

ಇನ್ನು ಯಕಾರ ಎಕಾರಗಳ ಸಂಗತಿ. ಯಂತ್ರಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆಯಿತು. ಅದರಲ್ಲಿ ‘ಎ’ ಅಕ್ಷರದ ಸಂಖ್ಯೆ 3214, ‘ಯ’ ಅಕ್ಷರದ್ದು 3247. ಎರಡು ಸಂಖ್ಯೆ ಬೇರೆಯಾದ ಮೇಲೆ ಯಲ್ಲಪ್ಪನೂ ಎಲ್ಲಪ್ಪನೂ ಯಂತ್ರದ ಮಟ್ಟಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ಅದಕ್ಕೆ ಯಲ್ಲಮ್ಮನ ಗುಡಿ ಗೊತ್ತಿಲ್ಲ, ಓಣಿಯೂ ಗೊತ್ತಿಲ್ಲ.

ಹೋದ ವರ್ಷ ಏನು ನಡೆಯಿತೆಂಬುದು ಈಗ ತಿಳಿಯುವದು. ಕೋಷ್ಟಕದಲ್ಲಿ ಮೊದಲಿನಿಂದಲೂ ‘ಎಲ್ಲಪ್ಪ’ ಎಂದೇ ಇತ್ತು. ವರ್ಡ್ ಕಡತವು ತಿದ್ದಲು ಬರುವಂಥದು. ಅದರ ಗುಣವೂ ಅದೇ, ದೋಷವೂ ಅದೇ. ಕಾರಕೂನರು ಒಳ್ಳೆಯವರು, ಕೂಡಲೇ ಕಡತದಲ್ಲಿ ಅಕ್ಷರ ಬದಲಿಸಿ ಅಚ್ಚು ತೆಗೆದು ಕೊಟ್ಟರು. ಆದರೆ ಕಡತದಲ್ಲಿ ಮಾಡಿದ ತಿದ್ದುಪಡಿಯು ಹೊಳೆಯ ನೀರಿನಂತೆ ಮುಂದಕ್ಕೆ ಹೋಯಿತೇ ಹೊರತು ಹಿಂದಕ್ಕೆ, ಕೋಷ್ಟಕಕ್ಕೆ, ಏರಲಿಲ್ಲ. ಈ ವರ್ಷ ಯಂತ್ರವು ತನ್ನಲ್ಲಿದ್ದುದನ್ನೇ ಮತ್ತೆ ಬರೆಯಿತು. ಕಾರಕೂನರ ದಾಕ್ಷಿಣ್ಯವೇ ಇಲ್ಲಿ ಮನೆಯವರಿಗೆ ಮುಳುವಾಯಿತೆಂದು ನಾವು ಬಲ್ಲೆವು. ಅಂದೇ “ಬರುವದಿಲ್ಲ, ಅರ್ಜಿ ಕೊಡಿರಿ” ಎಂದಿದ್ದರೆ ಕೆಲಸ ಮೂಲದಲ್ಲಿ ಆಗುತ್ತಿತ್ತು.

ಸರಕಾರದ ಪತ್ರಗಳ ರೀತಿ ತುಸು ಬೇರೆ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಉತಾರಗಳು ಗಣಕಯಂತ್ರಕ್ಕೆ ಸೇರಿ, 2002ರ ಹೊತ್ತಿಗೆ ಕೈಬರೆಹದ ಉತಾರಗಳ ಕಾಲ ಮುಗಿಯಿತು. ನಾಡಕಚೇರಿಯ ಜಾತಿ, ಆದಾಯದ ಪತ್ರಗಳೂ ಯಂತ್ರದಿಂದಲೇ, ಸಂಖ್ಯೆ ಮತ್ತು ಡಿಜಿಟಲ್ ಸಹಿಯೊಡನೆ ಬರುತ್ತವೆ. ಆ ಸಂಖ್ಯೆಯನ್ನು ಜಾಲತಾಣದಲ್ಲಿ ಹಾಕಿ ಯಾರಾದರೂ ಪತ್ರವನ್ನು ಪರೀಕ್ಷಿಸಬಹುದು. ಕಾಗದದ ಮೇಲೆ ಒಂದು ಅಕ್ಷರ ತಿದ್ದಿದರೂ ಅದು ಮೂಲಕ್ಕೆ ಹೊಂದದೆ ಸಿಕ್ಕಿಬೀಳುವದು. ಕಟ್ಟುನಿಟ್ಟೆಂದು ಜನ ಬೇಸರಪಡುವದುಂಟು. ನಮಗೆ ಮಾತ್ರ ಇದೇ ಮೇಲೆನಿಸುತ್ತದೆ.

ಗೃಹಸ್ಥರಿಗೆ ನಾವು ಹೇಳಿದ್ದಿಷ್ಟು: ಉತಾರ, ಆಧಾರ, ಶಾಲೆಯ ದಾಖಲಾತಿ ಮೂರನ್ನೂ ಹರವಿ ಒಂದೇ ಬರೆಹವಿದೆಯೇ ನೋಡಿರಿ. ತಪ್ಪಿದ್ದಲ್ಲಿ ಪತ್ರವನ್ನಲ್ಲ, ದಾಖಲೆಯನ್ನು ತಿದ್ದಲು ಬರೆಹದಲ್ಲಿ ಅರ್ಜಿ ಕೊಟ್ಟು ಪೋಚು ಪಡೆಯಿರಿ. ತಿದ್ದಿದ ಮೇಲೆ ಹೊಸದಾಗಿ ಪತ್ರ ತೆಗೆಸಿ, ಮೊಹರು ಬೀಳುವ ಮುಂಚೆ ಓದಿರಿ.

ಹದಿನೈದು ದಿವಸಗಳ ಮೇಲೆ ಅವರು ಮೂರನೆಯ ಕಾಗದವನ್ನು ತಂದರು. ನಮ್ಮ ಪಡಸಾಲೆಯಲ್ಲಿಯೇ ಕುಳಿತು ಅಕ್ಷರಅಕ್ಷರಕ್ಕೂ ಬೆರಳಿಟ್ಟು ಓದಿದರು. ಯಲ್ಲಪ್ಪ ಸರಿಯಾಗಿದ್ದನು, ಮಗಳ ಹೆಸರು, ತರಗತಿ ಸರಿಯಾಗಿದ್ದವು. ಕೊನೆಯ ಸಾಲಿಗೆ ಬಂದು ಬೆರಳು ನಿಂತಿತು. “ಊರಿಗೆ ಕೊಂಬು ಕೊಟ್ಟಾರಲ್ರೀ” ಎಂದರು. ನೋಡಿದರೆ ‘ಕೊಕಟನೂರು’ ಎಂದು ಅಚ್ಚಾಗಿತ್ತು. ಉತಾರದಲ್ಲಿ ಹೇಗಿದೆಯೋ ನೋಡುವೆನೆಂದು ಅವರು ಚೀಲ ಬಿಚ್ಚಿದರು.